ವಿಸಿಒ, ಎಡಿಸಿ ರೈಲ್‌ಗೆ ರ‍್ಯಾಡ್‌ಹಾರ್ಡ್ ಲೋ-ನಾಯ್ಸ್ ಎಲ್‌ಡಿಒ: ಯಾವುದು ಆರಿಸ್ಲಿ, ಹೇಗೆ ತರಿಸ್ಲಿ?

ಕಕ್ಷೆ_800

ಎಲ್ಲರಿಗೂ ನಮಸ್ಕಾರ. ಒಂದು ಸ್ಯಾಟಲೈಟ್ ಪೇಲೋಡ್ ಬೋರ್ಡಿನ ಪವರ್ ಸೆಕ್ಷನ್ ನನ್ನ ಪಾಲಿಗೆ ಬಂದಿದೆ, ಎಕ್ಸ್ ಬ್ಯಾಂಡ್ ಸಿಂಥಸೈಜರ್ (ರೇಡಿಯೋ ಫ್ರೀಕ್ವೆನ್ಸಿ ಹುಟ್ಟಿಸೋ ಭಾಗ) ಮತ್ತೆ ಒಂದು ಹೈಸ್ಪೀಡ್ ಎಡಿಸಿ (ಅನಲಾಗ್ ಸಿಗ್ನಲನ್ನ ಅಂಕಿಗೆ ತಿರುಗಿಸೋ ಚಿಪ್) ಇರೋ ಬೋರ್ಡು. ಮಿಕ್ಕಿದ್ದೆಲ್ಲಾ ಹೆಂಗೋ ಆಗುತ್ತೆ, ಎರಡು ರೈಲ್ (ಸಪ್ಲೈ ಲೈನು) ಮಾತ್ರ ಹತ್ತು ದಿನದಿಂದ ನಿದ್ದೆ ಕೆಡಿಸಿದೆ. ಸಿಂಥಸೈಜರಿನ ವಿಸಿಒಗೆ (ವೋಲ್ಟೇಜ್ ಹೇಳಿದ ಹಾಗೆ ಫ್ರೀಕ್ವೆನ್ಸಿ ಬದಲಿಸೋ ಆಸಿಲೇಟರ್) 3.3 ವೋಲ್ಟ್, 40 ಮಿಲಿಆಂಪ್. ಎಡಿಸಿ ಅನಲಾಗ್ ಸಪ್ಲೈಗೆ 1.8 ವೋಲ್ಟ್, 400 ಮಿಲಿಆಂಪ್. ಎರಡಕ್ಕೂ ಇನ್‌ಪುಟ್ ಕಡೆ 500 ಕಿಲೋಹರ್ಟ್ಜ್‌ನಲ್ಲಿ ಓಡೋ ಡಿಸಿ-ಡಿಸಿ ಕನ್ವರ್ಟರ್ ಇದೆ, ಅದರ ಔಟ್‌ಪುಟ್ಟನ್ನ ಎಲ್‌ಡಿಒ (ಕಮ್ಮಿ ಡ್ರಾಪ್‌ನ ಲೀನಿಯರ್ ರೆಗ್ಯುಲೇಟರ್) ಶುದ್ಧ ಮಾಡ್ಬೇಕು.

ಕಕ್ಷೆ 800 ಕಿಮೀ ಪೋಲಾರ್, 5 ವರ್ಷ. 3 ಮಿಮೀ ಅಲ್ಯುಮಿನಿಯಂ ಹಿಂದೆ ಸ್ಪೆನ್ವಿಸ್ ಅನ್ನೋ ರೇಡಿಯೇಶನ್ ಲೆಕ್ಕದ ಸಾಫ್ಟ್‌ವೇರಲ್ಲಿ ಲೆಕ್ಕ ಹಾಕಿದ್ರೆ ಸುಮಾರು 12 ಕಿಲೋರಾಡ್ ಡೋಸ್ (ಪಾರ್ಟು ಒಟ್ಟು ನುಂಗೋ ರೇಡಿಯೇಶನ್) ಬರ್ತಿದೆ, ಎರಡು ಪಟ್ಟು ಮಾರ್ಜಿನ್ ಸೇರ್ಸಿದ್ರೆ 24. ವಿಸಿಒ ಪುಶಿಂಗ್ (ಸಪ್ಲೈ ಅಲುಗಿದ್ರೆ ಫ್ರೀಕ್ವೆನ್ಸಿ ಎಷ್ಟು ಜಾರುತ್ತೆ ಅನ್ನೋದು) ಡೇಟಾಶೀಟ್ ಪ್ರಕಾರ ವೋಲ್ಟಿಗೆ 5 ಮೆಗಾಹರ್ಟ್ಜ್. ಸಿಸ್ಟಮ್‌ನವರು 100 ಕಿಲೋಹರ್ಟ್ಜ್ ಆಫ್‌ಸೆಟ್‌ನಲ್ಲಿ ಫೇಸ್ ನಾಯ್ಸ್ ಮೈನಸ್ 120 ಡಿಬಿಸಿ ಪರ್ ಹರ್ಟ್ಜ್ ಕೇಳ್ತಿದಾರೆ.

ನನ್ನ ಮೊದಲ ಯೋಚನೆ ಎಲ್‌ಟಿ3042, ಯಾಕಂದ್ರೆ 0.8 ಮೈಕ್ರೋವೋಲ್ಟ್ ಆರ್‌ಎಂಎಸ್ ನಾಯ್ಸು, ಒಂದು ಮೆಗಾಹರ್ಟ್ಜ್‌ನಲ್ಲೂ 79 ಡಿಬಿ ಪಿಎಸ್‌ಆರ್‌ಆರ್ (ಇನ್‌ಪುಟ್ ರಿಪಲ್ ತಡೆಯೋ ಶಕ್ತಿ), ಬೆಂಚಿನ ಮೇಲೆ ನಾನೇ ಬಳಸಿದೀನಿ, ಚಿನ್ನದಂಥ ಪಾರ್ಟು. ಆದ್ರೆ ಅದು ಕಮರ್ಷಿಯಲ್ ಪಾರ್ಟ್. ರ‍್ಯಾಡ್‌ಹಾರ್ಡ್ (ರೇಡಿಯೇಶನ್ ತಡೆಯೋ ಪಾರ್ಟು) ಪಟ್ಟಿ ನೋಡಿದ್ರೆ ಬಹಳಷ್ಟು 20, 30, 40 ಮೈಕ್ರೋವೋಲ್ಟ್ ಅಂತಿದೆ. ನಾಯ್ಸ್ ಬೇಕು ಅಂದ್ರೆ ರೇಡಿಯೇಶನ್ ಬಿಡ್ಬೇಕು, ರೇಡಿಯೇಶನ್ ಬೇಕು ಅಂದ್ರೆ ನಾಯ್ಸ್ ಬಿಡ್ಬೇಕು ಅನ್ನೋ ಹಾಗಿದೆ. ಅನುಭವ ಇರೋರು ದಾರಿ ತೋರ್ಸಿ.

ಕ್ಯೂಬ್_ಹತ್ತುಸೆಂಟಿ

24 ಕಿಲೋರಾಡ್ ಅಂದ್ರೆ ಅಷ್ಟೇನೂ ಹೆದರೋ ನಂಬರ್ ಅಲ್ಲ. ನಾವು ಕ್ಯೂಬ್‌ಸ್ಯಾಟಲ್ಲಿ ಕಮರ್ಷಿಯಲ್ ಎಲ್‌ಡಿಒ ಹಾಕಿದೀವಿ, ಮುಂದೆ ಒಂದು ಕರೆಂಟ್ ಲಿಮಿಟ್ ಸ್ವಿಚ್ ಇಟ್ಟು, ಲ್ಯಾಚಪ್ (ಕಣ ಬಡಿದು ಚಿಪ್ ಒಳಗೆ ಶಾರ್ಟ್ ಥರ ಕಚ್ಚಿಕೊಳ್ಳೋದು) ಆದ್ರೆ ಪವರ್ ಕಟ್ ಮಾಡಿ ಮತ್ತೆ ಆನ್ ಮಾಡೋ ಹಾಗೆ. ಓಡಿದೆ. ಅದೇ ದಾರಿ ನೋಡ್ಬಹುದಲ್ವಾ?

ಹಳೇ_ಬೆಂಚು

ಕ್ಯೂಬ್ ಅವರೇ, ನಿಮ್ಮ ಮಿಷನ್ ಎಷ್ಟು ದಿನ ಇತ್ತು, ಆ ರೈಲ್ ಮೇಲೆ ಏನಿತ್ತು ಅನ್ನೋದ್ರ ಮೇಲೆ ಹೋಗುತ್ತೆ. ಒಂದು ವರ್ಷ, ಮೈಕ್ರೋಕಂಟ್ರೋಲರ್ ಸಪ್ಲೈ ಅಂದ್ರೆ ನಾನೂ ಸರಿ ಅಂತೀನಿ. 5 ವರ್ಷ, 800 ಕಿಮೀ, ಸಿಂಥಸೈಜರ್ ಅಂದ್ರೆ ಮಾತು ಬೇರೆ.

ಕಕ್ಷೆ ತಮ್ಮಾ, ಒಂದು ವಿಷಯ ಮೊದಲು ತಲೇಲಿ ಕೂರಿಸ್ಕೋ, ಮಿಕ್ಕಿದ್ದೆಲ್ಲಾ ಅದರ ಮೇಲೆ ನಿಲ್ಲುತ್ತೆ. ಡೇಟಾಶೀಟಿನ ಮೊದಲ ಪುಟದಲ್ಲಿ ಇರೋ ನಾಯ್ಸ್ ನಂಬರ್ ಇದೆಯಲ್ಲ, ಅದು ಹೊಸ ಪೀಸಿನದ್ದು. 25 ಡಿಗ್ರಿ, ಡೋಸ್ ಸೊನ್ನೆ. ನಿನ್ನ ಸ್ಯಾಟಲೈಟ್ ಐದನೇ ವರ್ಷದಲ್ಲಿ ಇರೋವಾಗ ಆ ಪೀಸು ಆ ಪೀಸಾಗಿರಲ್ಲ. ಒಳಗಿರೋ ಆಕ್ಸೈಡ್‌ನಲ್ಲಿ ಚಾರ್ಜ್ ಸಿಕ್ಕಿಹಾಕ್ಕೊಂಡಿರುತ್ತೆ, ಸಿಲಿಕಾನ್ ಮತ್ತು ಆಕ್ಸೈಡ್ ಸೇರೋ ಜಾಗದಲ್ಲಿ ಟ್ರ‍್ಯಾಪ್‌ಗಳು ಹುಟ್ಟಿರ್ತವೆ, ಬೈಪೋಲಾರ್ ಆದ್ರೆ ಬೀಟಾ (ಟ್ರಾನ್ಸಿಸ್ಟರಿನ ಕರೆಂಟ್ ಗೇನ್) ಇಳಿದಿರುತ್ತೆ. ಲೋ ಫ್ರೀಕ್ವೆನ್ಸಿ ನಾಯ್ಸು ಅಂದ್ರೆ 1/ಎಫ್ ನಾಯ್ಸು, ಹುಟ್ಟೋದೇ ಇಂಥ ಟ್ರ‍್ಯಾಪ್‌ಗಳಿಂದ. ಹಾಗಾಗಿ ಡೋಸ್ ತಿಂದ ಪಾರ್ಟು ಮೊದಲಿನಷ್ಟು ಮೌನವಾಗಿರುತ್ತೆ ಅಂತ ಯಾರೂ ಮಾತು ಕೊಡಕ್ಕಾಗಲ್ಲ.

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಂದು ಬೈಪೋಲಾರ್ ಎಲ್‌ಡಿಒ, ಕೋಬಾಲ್ಟ್ 60 ಸೋರ್ಸ್ ಮುಂದೆ ವಾರಗಟ್ಟಲೆ ಕೂತು ಬಂದಿತ್ತು. ಔಟ್‌ಪುಟ್ ವೋಲ್ಟೇಜ್ ಸ್ಪೆಕ್ ಒಳಗೇ ಇತ್ತು, ಲೋಡ್ ರೆಗ್ಯುಲೇಶನ್ ಪಾಸ್, ರಿಪೋರ್ಟ್ ಬರೆದು ಮುಗಿಸೋದ್ರಲ್ಲಿದ್ವಿ. ಜೊತೆಗಿದ್ದ ಒಬ್ರು ಸುಮ್ನೆ ನಾಯ್ಸ್ ಪ್ಲಾಟ್ ತೆಗೀರಿ ಅಂದ್ರು. ಬ್ಯಾಟರಿ ಮೇಲೆ ಓಡೋ ಪ್ರೀಆಂಪ್, ತಗಡಿನ ಡಬ್ಬಿ ಒಳಗೆ ಬೋರ್ಡು, ಹಳೇ ಪ್ಲಾಟ್ ಮೇಲೆ ಹೊಸದನ್ನ ಇಟ್ಟು ನೋಡಿದ್ರೆ 10 ಕಿಲೋಹರ್ಟ್ಜ್ ಆಚೆ ಎರಡು ಗೆರೆ ಒಂದರ ಮೇಲೊಂದು ಕೂತಿದೆ, 100 ಹರ್ಟ್ಜ್‌ಗಿಂತ ಕೆಳಗೆ ಮಾತ್ರ ಹೊಸ ಗೆರೆ ಬೇಲಿ ಹತ್ತಿದ ಬಳ್ಳಿ ಥರ ಮೇಲಕ್ಕೆ ಹೋಗಿದೆ. ಪಾಸ್ ಆದ ಪಾರ್ಟು ಅದು! ಯಾಕಂದ್ರೆ ರೇಡಿಯೇಶನ್ ರಿಪೋರ್ಟಲ್ಲಿ ನಾಯ್ಸ್ ಅಳೆಯೋ ಸಾಲೇ ಇರ್ಲಿಲ್ಲ. ಬಹಳಷ್ಟು ರಿಪೋರ್ಟಲ್ಲಿ ಇರಲ್ಲ.

ಕಕ್ಷೆ_800

ಸರ್ ಇದು ನನಗೆ ನಿಜವಾಗ್ಲೂ ಹೊಳೆದಿರ್ಲಿಲ್ಲ. ಹಾಗಾದ್ರೆ ನಂಬರ್ ಮೇಲೆ ಆರಿಸೋದು ಹೇಗೆ ಮತ್ತೆ?

ಆರ್‌ಎಫ್_ಮೇಡಂ

ಲೋಡ್ ಕಡೆಯಿಂದ ಶುರು ಮಾಡಿ. ಎಲ್‌ಡಿಒ ಕಡೆಯಿಂದ ಶುರು ಮಾಡಿದ್ರೆ ಯಾವತ್ತೂ ಅತೀ ಕಮ್ಮಿ ನಾಯ್ಸ್ ಪಾರ್ಟಿಗೇ ಕೈ ಹೋಗುತ್ತೆ. ನಿಮ್ಮ ನಂಬರ್ ಇಟ್ಕೊಂಡೇ ಲೆಕ್ಕ ಹಾಕೋಣ, ಎಲ್ಲರಿಗೂ ಉಪಯೋಗ ಆಗುತ್ತೆ.

10 ಹರ್ಟ್ಜ್‌ನಿಂದ 100 ಕಿಲೋಹರ್ಟ್ಜ್ ತನಕ 20 ಮೈಕ್ರೋವೋಲ್ಟ್ ಅಂದ್ರೆ, ನಾಯ್ಸ್ ಸಮತಟ್ಟು ಅಂತ ಹಿಡಿದ್ರೆ, ರೂಟ್ ಹರ್ಟ್ಜ್‌ಗೆ 63 ನ್ಯಾನೋವೋಲ್ಟ್. ನಿಮ್ಮ ಪುಶಿಂಗ್ ವೋಲ್ಟಿಗೆ 5 ಮೆಗಾಹರ್ಟ್ಜ್, ಗುಣಿಸಿದ್ರೆ ರೂಟ್ ಹರ್ಟ್ಜ್‌ಗೆ 0.315 ಹರ್ಟ್ಜ್ ಫ್ರೀಕ್ವೆನ್ಸಿ ಅಲುಗಾಟ. ಅದನ್ನ ಆಫ್‌ಸೆಟ್ ಗುಣಿಸು ರೂಟ್ 2ರಿಂದ ಭಾಗ್ಸಿ, 20 ಲಾಗ್ ತಗೊಳ್ಳಿ. 100 ಕಿಲೋಹರ್ಟ್ಜ್‌ನಲ್ಲಿ ಮೈನಸ್ 113 ಡಿಬಿಸಿ ಪರ್ ಹರ್ಟ್ಜ್ ಬರುತ್ತೆ. ನಿಮಗೆ ಬೇಕಿರೋದು 120. ಏಳು ಡಿಬಿ ಸಾಲದು, ಅದೂ ವಿಸಿಒದ ಸ್ವಂತ ನಾಯ್ಸ್ ಸೇರಿಸದೇ.

ಅದೇ ಲೆಕ್ಕ 1.71 ಮೈಕ್ರೋವೋಲ್ಟ್ ಪಾರ್ಟಿಗೆ ಹಾಕಿದ್ರೆ ಮೈನಸ್ 134. ಹೌದು, ಅಂಥ ರ‍್ಯಾಡ್‌ಹಾರ್ಡ್ ಪಾರ್ಟ್ ಈಗ ಇದೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್‌7ಎಚ್‌1111-ಎಸ್‌ಪಿ, 1.5 ಆಂಪ್. ನೀವು ನೋಡಿದ ಪಟ್ಟಿ ಹಳೇದಿರ್ಬೇಕು. ಅದಕ್ಕೂ ಮುಂಚಿನ ಟಿಪಿಎಸ್‌7ಎಚ್‌1101ಎ 3 ಆಂಪಿನದ್ದು, ಅದು ಸುಮಾರು 20 ಮೈಕ್ರೋವೋಲ್ಟ್.

ಆದ್ರೆ ವಿಸಿಒಗೆ ಅದು ಬೇಕೇ ಬೇಕಾ? 40 ಮಿಲಿಆಂಪ್ ಅಷ್ಟೇ ಅಲ್ವಾ. 20 ಮೈಕ್ರೋವೋಲ್ಟ್ ಪಾರ್ಟ್ ಹಾಕಿ, ಅದರ ಔಟ್‌ಪುಟ್ ಮತ್ತು ವಿಸಿಒ ಮಧ್ಯೆ ಫಿಲ್ಟರ್ ಆಗಿ 1 ಓಮ್ ಮತ್ತು 100 ಮೈಕ್ರೋಫ್ಯಾರಡ್. 40 ಮಿಲಿವೋಲ್ಟ್ ಬೀಳುತ್ತೆ, ವಿಸಿಒ ಅದನ್ನ ಗಮನಿಸೋದೂ ಇಲ್ಲ. ಕಾರ್ನರ್ 1.6 ಕಿಲೋಹರ್ಟ್ಜ್. 100 ಕಿಲೋಹರ್ಟ್ಜ್‌ನಲ್ಲಿ ಲೆಕ್ಕದ ಪ್ರಕಾರ 36 ಡಿಬಿ ಸಿಗ್ಬೇಕು, ನಿಜದಲ್ಲಿ ಸಿಗಲ್ಲ, ಯಾಕಂದ್ರೆ ಟ್ಯಾಂಟಲಮ್ ಕೆಪಾಸಿಟರಿನ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್) 0.1 ಓಮ್ ಅಂದ್ರೂ 1 ಓಮ್ ಎದುರಿಗೆ ಅದು 21 ಡಿಬಿಗೆ ನಿಂತುಬಿಡುತ್ತೆ. ಪರವಾಗಿಲ್ಲ, 113 ಮತ್ತು 21 ಅಂದ್ರೆ 134. ಎರಡು ರೂಪಾಯಿ ಅಲ್ಲ, ಎರಡು ಬಿಡಿಭಾಗದಲ್ಲಿ ಅದೇ ಜಾಗಕ್ಕೆ ಬಂದ್ವಿ. ರೆಸಿಸ್ಟರ್‌ಗೆ ಡೋಸ್ ಭಯ ಇಲ್ಲ, ಕೆಪಾಸಿಟರ್‌ಗೂ ಹೆಚ್ಚುಕಮ್ಮಿ ಇಲ್ಲ. 5 ವರ್ಷ ಆದ್ಮೇಲೂ ಆ 21 ಡಿಬಿ ಅಲ್ಲೇ ಇರುತ್ತೆ.

ಹಳೇ_ಬೆಂಚು ಸರ್ ಹೇಳಿದ ಲೋ ಫ್ರೀಕ್ವೆನ್ಸಿ ಏರಿಕೆ ವಿಸಿಒ ರೈಲಲ್ಲಿ ಅಷ್ಟು ಕಾಡಲ್ಲ, ಪಿಎಲ್‌ಎಲ್ (ವಿಸಿಒವನ್ನ ರೆಫರೆನ್ಸಿಗೆ ಕಟ್ಟಿಹಾಕೋ ಸರ್ಕ್ಯೂಟ್) ಲೂಪ್ ಬ್ಯಾಂಡ್‌ವಿಡ್ತ್ ಒಳಗೆ ಬರೋದನ್ನ ಲೂಪೇ ತಿದ್ಕೊಳ್ಳುತ್ತೆ. ನಿಮ್ಮ ಲೂಪ್ ಎಷ್ಟು?

ಕಕ್ಷೆ_800

30 ಕಿಲೋಹರ್ಟ್ಜ್ ಮೇಡಂ. ಈ ಲೆಕ್ಕ ಪ್ರಿಂಟ್ ತೆಗೆದು ಡೆಸ್ಕ್ ಮೇಲೆ ಅಂಟಿಸ್ಕೊಂಡಿದೀನಿ. ಎಡಿಸಿ ರೈಲಿಗೂ ಹೀಗೇ ಮಾಡ್ಬಹುದಾ?

ಆರ್‌ಎಫ್_ಮೇಡಂ

ಆಗಲ್ಲ. 400 ಮಿಲಿಆಂಪ್‌ಗೆ 1 ಓಮ್ ಅಂದ್ರೆ 0.4 ವೋಲ್ಟ್ ಅಲ್ಲೇ ಹೋಯ್ತು, ಅದೂ ಸ್ಯಾಂಪಲ್ ರೇಟ್ ಜೊತೆ ಕುಣಿಯೋ ಕರೆಂಟು. ಅಲ್ಲಿ ನಿಜವಾದ ಲೋ-ನಾಯ್ಸ್ ಪಾರ್ಟಿಗೆ ಖರ್ಚು ಮಾಡಿ. ಇನ್ನೊಂದು, ಎಡಿಸಿ ಕ್ಲಾಕ್ ಬಫರ್ ಸಪ್ಲೈ ಎಲ್ಲಿಂದ ಬರ್ತಿದೆ ನೋಡಿ. ಅನಲಾಗ್ ರೈಲ್ ಮೇಲಿನ ನಾಯ್ಸಿಗಿಂತ ಅದು ಜಿಟ್ಟರ್ (ಕ್ಲಾಕ್ ಅಂಚಿನ ನಡುಕ) ಆಗಿ ಹೆಚ್ಚು ಕಾಡುತ್ತೆ, ತುಂಬಾ ಜನ ಅದನ್ನ ಡಿಜಿಟಲ್ ರೈಲಿಗೆ ಸೇರಿಸಿಬಿಡ್ತಾರೆ.

ಡಿಸಿ-ಡಿಸಿ ರಿಪಲ್ ಕೂಡ ಮರೀಬೇಡಿ. 500 ಕಿಲೋಹರ್ಟ್ಜ್‌ನಲ್ಲಿ 10 ಮಿಲಿವೋಲ್ಟ್ ರಿಪಲ್ ಇದ್ದು, ಎಲ್‌ಡಿಒ ಪಿಎಸ್‌ಆರ್‌ಆರ್ ಅಲ್ಲಿ ಬರೀ 40 ಡಿಬಿ ಇದ್ರೆ ಔಟ್‌ಪುಟ್ಟಲ್ಲಿ 100 ಮೈಕ್ರೋವೋಲ್ಟ್ ಸ್ಪರ್ (ಬೇಡದ ಒಂಟಿ ಟೋನ್) ಕೂತಿರುತ್ತೆ. 1.71 ಮೈಕ್ರೋವೋಲ್ಟ್ ಪಾರ್ಟ್ ತಗೊಂಡು ಏನು ಬಂತು ಆಗ? ಡೇಟಾಶೀಟಲ್ಲಿ ಪಿಎಸ್‌ಆರ್‌ಆರ್ 1 ಕಿಲೋಹರ್ಟ್ಜ್‌ನಲ್ಲಿ ಕೊಟ್ಟಿದ್ರೆ ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ. ಗ್ರಾಫಿನ ಬಲಗಡೆ ನೋಡಿ, ಯಾವ ಹೆಡ್‌ರೂಮ್‌ನಲ್ಲಿ (ಇನ್‌ಪುಟ್ ಔಟ್‌ಪುಟ್ ಮಧ್ಯದ ವೋಲ್ಟೇಜ್ ಅಂತರ) ಅಳೆದಿದಾರೆ ನೋಡಿ. ಹೆಡ್‌ರೂಮ್ ಕಮ್ಮಿ ಮಾಡಿದ್ರೆ ಪಿಎಸ್‌ಆರ್‌ಆರ್ ಕುಸಿಯುತ್ತೆ.

ಹಳೇ_ಬೆಂಚು

ಆ ಹೆಡ್‌ರೂಮ್ ಮಾತಿಗೆ ಒಂದು ಸೇರ್ಸ್ತೀನಿ. ಪಿಎನ್‌ಪಿ ಪಾಸ್ ಟ್ರಾನ್ಸಿಸ್ಟರ್ ಇರೋ ಬೈಪೋಲಾರ್ ಎಲ್‌ಡಿಒನಲ್ಲಿ ಡೋಸ್ ಜೊತೆಗೆ, ಪ್ರೋಟಾನ್ ಹೊಡೆತಕ್ಕೆ ಆಗೋ ಡಿಸ್‌ಪ್ಲೇಸ್‌ಮೆಂಟ್ ಡ್ಯಾಮೇಜ್ ಕೂಡ ಬೀಟಾ ತಿನ್ನುತ್ತೆ. ಬೀಟಾ ಇಳಿದ್ರೆ ಗ್ರೌಂಡ್ ಪಿನ್ ಕರೆಂಟ್ ಏರುತ್ತೆ, ಡ್ರಾಪ್‌ಔಟ್ (ಕೆಲಸಕ್ಕೆ ಬೇಕಾದ ಕನಿಷ್ಠ ಹೆಡ್‌ರೂಮ್) ಏರುತ್ತೆ. ಇವತ್ತು 300 ಮಿಲಿವೋಲ್ಟ್ ಹೆಡ್‌ರೂಮ್ ಸಾಕು ಅನ್ನಿಸಿದ್ದು ಮೂರನೇ ವರ್ಷಕ್ಕೆ ಡ್ರಾಪ್‌ಔಟ್ ಅಂಚಿಗೆ ಬಂದಿರ್ಬಹುದು, ಆಗ ರೆಗ್ಯುಲೇಶನ್ ಇರುತ್ತೆ, ಪಿಎಸ್‌ಆರ್‌ಆರ್ ಇರಲ್ಲ. ರಿಪಲ್ ನೇರ ಒಳಗೆ ಬರುತ್ತೆ. ಸಿಗ್ನಲ್ ಪಕ್ಕ ದಿಢೀರ್ ಅಂತ ಸ್ಪರ್ ಹುಟ್ಟಿದ್ದು ನೋಡಿ ಎಲ್ಲರೂ ಸಿಂಥಸೈಜರ್ ಕಡೆ ಬೆರಳು ತೋರಿಸ್ತಾರೆ.

ಕ್ಯೂಬ್_ಹತ್ತುಸೆಂಟಿ

ಒಳ್ಳೇ ಮಾಹಿತಿ. ಆದ್ರೂ ಕೇಳ್ತೀನಿ, ಎಲ್‌ಟಿ3042 ಥರ ಪಾರ್ಟನ್ನ ಗಾಮಾ ಸೋರ್ಸಲ್ಲಿ 30 ಕಿಲೋರಾಡ್ ತನಕ ಟೆಸ್ಟ್ ಮಾಡಿಸ್ಬಿಟ್ರೆ ಮುಗೀಲಿಲ್ವಾ? ಅರ್ಧ ದಿನದ ಕೆಲಸ.

ಹಳೇ_ಬೆಂಚು

ಅರ್ಧ ದಿನದ ಕೆಲಸ ಅಲ್ಲ, ಅಲ್ಲೇ ಎಲ್ಲರೂ ಎಡವೋದು.

ಮಿಲ್ ಸ್ಟ್ಯಾಂಡರ್ಡ್ 883ರ ಟೆಸ್ಟ್ ಮೆಥಡ್ 1019ರಲ್ಲಿ ಕಂಡೀಶನ್ ಎ ಅಂದ್ರೆ ಸೆಕೆಂಡಿಗೆ 50ರಿಂದ 300 ರಾಡ್. ಆ ವೇಗದಲ್ಲಿ 30 ಕಿಲೋರಾಡ್ ಹತ್ತೇ ನಿಮಿಷಕ್ಕೆ ಮುಗಿಯುತ್ತೆ. ಕಕ್ಷೆಯಲ್ಲಿ? 12 ಕಿಲೋರಾಡ್ 5 ವರ್ಷಕ್ಕೆ ಹಂಚಿದ್ರೆ ಸೆಕೆಂಡಿಗೆ 0.1 ಮಿಲಿರಾಡ್‌ಗೂ ಕಮ್ಮಿ. ಸಿಮಾಸ್ ಪಾರ್ಟಿಗೆ ಬೇಗ ಕೊಟ್ಟ ಡೋಸ್ ಸಾಮಾನ್ಯವಾಗಿ ಕಷ್ಟದ ಪರೀಕ್ಷೆ, ಅದು ಪಾಸಾದ್ರೆ ನೆಮ್ಮದಿ. ಬೈಪೋಲಾರ್ ಲೀನಿಯರ್ ಪಾರ್ಟಲ್ಲಿ ಉಲ್ಟಾ. ನಿಧಾನಕ್ಕೆ ಕೊಟ್ಟ ಡೋಸೇ ಹೆಚ್ಚು ಕೆಡ್ಸುತ್ತೆ. ಇದಕ್ಕೆ ಎಲ್ಡರ್ಸ್ (ಇಎಲ್‌ಡಿಆರ್‌ಎಸ್, ಲೋ ಡೋಸ್‌ರೇಟಲ್ಲಿ ಹೆಚ್ಚಾಗೋ ಸೂಕ್ಷ್ಮತೆ) ಅಂತಾರೆ, 1991ರಲ್ಲಿ ಮೊದಲು ಬೆಳಕಿಗೆ ಬಂತು. ಅಲ್ಲೀತನಕ ಎಷ್ಟು ಬೈಪೋಲಾರ್ ಪಾರ್ಟು ಬರೀ ಹೈ ಡೋಸ್‌ರೇಟ್ ರಿಪೋರ್ಟ್ ನಂಬಿ ಹಾರಿದ್ವೋ ಯೋಚಿಸಿ.

ಅದಕ್ಕೇ ಕಂಡೀಶನ್ ಡಿ ಇರೋದು, ಸೆಕೆಂಡಿಗೆ 10 ಮಿಲಿರಾಡ್ ಅಥವಾ ಅದಕ್ಕಿಂತ ಕಮ್ಮಿ. ಆ ವೇಗದಲ್ಲಿ 30 ಕಿಲೋರಾಡ್‌ಗೆ 35 ದಿನ. 100 ಕಿಲೋರಾಡ್‌ಗೆ 116 ದಿನ, ಹತ್ತಿರ ಹತ್ತಿರ ನಾಲ್ಕು ತಿಂಗಳು. ಕಮರ್ಷಿಯಲ್ ಪಾರ್ಟ್ ತಗೊಂಡು ಉಳಿಸಿದ ದುಡ್ಡೆಲ್ಲಾ ಈ ದಿನಗಳಿಗೆ ಹೋಗುತ್ತೆ. ಮುಗಿದ್ಮೇಲೂ ಆ ರಿಪೋರ್ಟ್ ಆ ಒಂದು ಲಾಟಿಗೆ ಮಾತ್ರ. ಕಮರ್ಷಿಯಲ್ ಪಾರ್ಟಿನ ಫ್ಯಾಬ್ ಬದಲಾಗ್ಬಹುದು, ಪ್ಯಾಸಿವೇಶನ್ ಪದರ ಬದಲಾಗ್ಬಹುದು, ಪಾರ್ಟ್ ನಂಬರ್ ಮಾತ್ರ ಅದೇ ಇರುತ್ತೆ.

ಸ್ಟೋರ್_ಕೀಪರ್

ಹತ್ತು ವರ್ಷದಿಂದ ಸ್ಪೇಸ್ ಗ್ರೇಡ್ ಬಿಡಿಭಾಗ ತರಿಸೋ ಕೆಲಸ ಮಾಡ್ತಿದೀನಿ, ಸರ್ಕ್ಯೂಟ್ ನನಗೆ ಬರಲ್ಲ ಆದ್ರೆ ಕಾಗದ ಬರುತ್ತೆ. ಇಲ್ಲಿ ಎಲ್ಲರೂ ಪಾರ್ಟ್ ಬಗ್ಗೆ ಮಾತಾಡ್ತಿದೀರಿ, ನಂಬರಿನ ಒಳಗಿರೋ ಅಕ್ಷರದ ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ.

5962 ಅಂತ ಶುರುವಾಗೋ ಎಸ್‌ಎಂಡಿ (ಸ್ಟ್ಯಾಂಡರ್ಡ್ ಮೈಕ್ರೋಸರ್ಕ್ಯೂಟ್ ಡ್ರಾಯಿಂಗ್) ನಂಬರ್ ಇರುತ್ತಲ್ಲ, ಅದರ ತಕ್ಷಣ ಮುಂದಿನ ಜಾಗ ನೋಡಿ. ಅಲ್ಲಿ ಬರೀ ಡ್ಯಾಶ್ ಇದ್ರೆ ರೇಡಿಯೇಶನ್ ಗ್ಯಾರಂಟಿ ಏನೂ ಇಲ್ಲ. ಅಕ್ಷರ ಇದ್ರೆ ಅದೇ ಡೋಸ್ ಮಟ್ಟ: ಎಂ ಅಂದ್ರೆ 3 ಕಿಲೋರಾಡ್, ಡಿ 10, ಪಿ 30, ಎಲ್ 50, ಆರ್ 100, ಎಫ್ 300, ಜಿ 500, ಎಚ್ 1000. ಒಂದೇ ಪಾರ್ಟು, ಒಂದೇ ಪ್ಯಾಕೇಜು, ಒಂದೇ ಡ್ರಾಯಿಂಗು, ಒಂದಕ್ಕೆ ಆರ್ ಇದೆ ಇನ್ನೊಂದಕ್ಕೆ ಇಲ್ಲ.

ನನ್ನ ಕೈಯಲ್ಲೇ ಇದು ಆಗಿದೆ. ಇಂಜಿನಿಯರ್ ಕಳ್ಸಿದ ಪಟ್ಟಿಯಲ್ಲಿ ಆರ್ ಇತ್ತು, ಎಕ್ಸೆಲ್‌ಗೆ ಹಾಕೋವಾಗ ಯಾರೋ ಡ್ಯಾಶ್ ಮಾಡಿದ್ರು, ಆರ್ಡರ್ ಹೋಯ್ತು, 38 ವಾರ ಕಾದ್ವಿ. ಡಬ್ಬಿ ಬಂತು, ಆಂಟಿಸ್ಟ್ಯಾಟಿಕ್ ಟ್ರೇಯಲ್ಲಿ ಬಂಗಾರದ ಕಾಲಿನ ಚೌಕ ಪೀಸುಗಳು ಸಾಲಾಗಿ ಮಲಗಿದ್ವು, ಲೆನ್ಸ್ ಹಿಡಿದು ಮುಚ್ಚಳದ ಮೇಲಿನ ಅಕ್ಷರ ಓದ್ತಾ ಹೋದೆ, ಒಂದರಲ್ಲೂ ಆರ್ ಇಲ್ಲ. ಎದೆ ಧಸಕ್ ಅಂತು. ಕ್ಯಾನ್ಸಲ್ ಮಾಡಕ್ಕೆ ಆಗಲ್ಲ ವಾಪಸ್ ಕಳ್ಸಕ್ಕೂ ಆಗಲ್ಲ ಅಂತ ಷರತ್ತಿನ ಆರ್ಡರ್ ಅದು. ಅವತ್ತಿಂದ ಆರ್ಡರ್ ಹೋಗೋ ಮುಂಚೆ ಇಂಜಿನಿಯರ್ ಪಕ್ಕ ಕೂತು ಇಬ್ಬರೂ ಜೋರಾಗಿ ಒಂದೊಂದೇ ಅಕ್ಷರ ಓದಿ ಸಹಿ ಹಾಕ್ತೀವಿ.

ಕಕ್ಷೆ_800

ಸ್ಟೋರ್ ಅಣ್ಣ, ಓದೋವಾಗ ನನಗೇ ಬೆವರು ಬಂತು. ಕ್ಯೂಎಂಎಲ್-ವಿ, ಕ್ಯೂ, ಪಿ ಅಂತೆಲ್ಲಾ ಕ್ವಾಲಿಟಿ ದರ್ಜೆ ಬರುತ್ತಲ್ಲ ಅದರಲ್ಲಿ ನನಗೆ ಯಾವುದು ಬೇಕು?

ಸ್ಟೋರ್_ಕೀಪರ್

ಎಲ್ಲವೂ ಮಿಲ್-ಪಿಆರ್‌ಎಫ್-38535 ಅನ್ನೋ ಅಮೆರಿಕದ ಮಿಲಿಟರಿ ಸ್ಪೆಕ್ ಅಡಿಯಲ್ಲಿ ಬರೋದು. ವಿ ಸ್ಪೇಸ್ ದರ್ಜೆ, ಹರ್ಮೆಟಿಕ್ (ಗಾಳಿ ಸೇರದ) ಸೆರಾಮಿಕ್. ಕ್ಯೂ ಮಿಲಿಟರಿ ದರ್ಜೆ, ಸ್ಕ್ರೀನಿಂಗ್ ಅಷ್ಟು ಬಿಗಿ ಅಲ್ಲ. ವೈ ಸೆರಾಮಿಕ್ಕೇ ಆದ್ರೆ ಹರ್ಮೆಟಿಕ್ ಅಲ್ಲ. ಪಿ ಅನ್ನೋದು ಈಚೆಗೆ ಬಂದಿದ್ದು, ಪ್ಲಾಸ್ಟಿಕ್ ಪ್ಯಾಕೇಜಿನ ಸ್ಪೇಸ್ ದರ್ಜೆ. ಯುರೋಪಿನ ಪಾರ್ಟಾದ್ರೆ ಇಎಸ್‌ಸಿಸಿ 9000 ಅಂತ ಇರುತ್ತೆ. ನಿಮ್ಮ ಮಿಷನ್ ಯಾವ ದರ್ಜೆ ಕೇಳ್ತಿದೆ ಅಂತ ನಿಮ್ಮ ಕ್ವಾಲಿಟಿಯವರನ್ನ ಕೇಳಿ, ಅದು ನೀವು ಒಬ್ಬರೇ ತೀರ್ಮಾನ ಮಾಡೋದಲ್ಲ.

ನಿಮ್ಮ 24 ಕಿಲೋರಾಡ್‌ಗೆ ನಾನು ಕೇಳೋದು, ಸ್ಪೇಸ್ ಪ್ಲಾಸ್ಟಿಕ್ ಯಾಕಾಗ್ಬಾರದು? ಟೆಕ್ಸಾಸ್‌ನವರ ಎಸ್‌ಇಪಿ ಅಂತ ಇದೆ, ಆ 1111 ಪಾರ್ಟಿಗೂ ಎಸ್‌ಇಪಿ ರೂಪ ಇದೆ. ಬೆಲೆ, ಕಾಯೋ ಸಮಯ ಎರಡೂ ಸೆರಾಮಿಕ್‌ಗಿಂತ ಹಗುರ.

ಹಳೇ_ಬೆಂಚು

ಒಪ್ಪಿದೆ. 24ಕ್ಕೆ 100 ಕಿಲೋರಾಡ್ ಸೆರಾಮಿಕ್ ತಗೊಳ್ಳೋದು ಕಡ್ಡಾಯ ಅಲ್ಲ. ಆದ್ರೆ ಒಂದು ಕಣ್ಣು ಸಿಂಗಲ್ ಇವೆಂಟ್ (ಒಂದೇ ಕಣದ ಹೊಡೆತ) ಮೇಲೆ ಇರ್ಲಿ. ಡೋಸ್ ಕಮ್ಮಿ ಇರೋ ಕಕ್ಷೆಯಲ್ಲೂ ಹೆವಿ ಅಯಾನ್ ಬರ್ತಾವೆ, ಧ್ರುವದ ಮೇಲೆ ಹೋಗೋದ್ರಿಂದ ಇನ್ನೂ ಜಾಸ್ತಿ. ಲ್ಯಾಚಪ್ ಮಿತಿ ಪ್ಲಾಸ್ಟಿಕ್ ಸರಣಿಯಲ್ಲಿ ಸಾಮಾನ್ಯವಾಗಿ ಎಲ್‌ಇಟಿ (ಅಯಾನ್ ದಾರಿಯಲ್ಲಿ ಸುರಿಯೋ ಶಕ್ತಿಯ ಅಳತೆ) 43ರ ತನಕ ಅಂತ ಬರೆದಿರ್ತಾರೆ, ಸೆರಾಮಿಕ್‌ನಲ್ಲಿ 75, 80ರ ಮೇಲೆ. ಮಿಷನ್ ಡಾಕ್ಯುಮೆಂಟ್ 60 ಕೇಳಿದ್ರೆ ಅಲ್ಲೇ ಕತೆ ಮುಗೀತು.

ನಿನ್ನ ವಿಸಿಒ ರೈಲಿಗೆ ಲ್ಯಾಚಪ್‌ಗಿಂತ ನನಗೆ ಎಸ್‌ಇಟಿ (ಕಣ ಬಡಿದು ಔಟ್‌ಪುಟ್ಟಲ್ಲಿ ಬರೋ ಕ್ಷಣಿಕ ಏರುಪೇರು) ಮೇಲೆ ಹೆಚ್ಚು ಚಿಂತೆ. ಒಂದೇ ಒಂದು ಅಯಾನ್ ಬ್ಯಾಂಡ್‌ಗ್ಯಾಪ್ (ಒಳಗಿನ ರೆಫರೆನ್ಸ್ ವೋಲ್ಟೇಜ್) ಅಥವಾ ಎರರ್ ಆಂಪ್ಲಿಫೈಯರ್‌ಗೆ ಬಡಿದ್ರೆ ಪಾಸ್ ಟ್ರಾನ್ಸಿಸ್ಟರ್ ಒಂದೆರಡು ಮೈಕ್ರೋಸೆಕೆಂಡ್ ಬಾಯಿ ತೆರೆದುಬಿಡುತ್ತೆ. 2 ಆಂಪ್, 2 ಮೈಕ್ರೋಸೆಕೆಂಡ್ ಅಂತ ಇಟ್ಕೋ. ಔಟ್‌ಪುಟ್ಟಲ್ಲಿ 10 ಮೈಕ್ರೋಫ್ಯಾರಡ್ ಇದ್ರೆ 0.4 ವೋಲ್ಟ್ ಏರಿಕೆ, 100 ಇದ್ರೆ 40 ಮಿಲಿವೋಲ್ಟ್. ಇಲ್ಲಿ ಗಮನಿಸ್ಬೇಕಾದ್ದು, ಎಲ್‌ಡಿಒಗೆ ಕರೆಂಟ್ ಕೊಡೋದು ಗೊತ್ತು, ವಾಪಸ್ ಎಳ್ಕೊಳ್ಳೋದು ಗೊತ್ತಿಲ್ಲ. ಏರಿದ ವೋಲ್ಟೇಜನ್ನ ಲೋಡೇ ಇಳಿಸ್ಬೇಕು. ನಿನ್ನ 40 ಮಿಲಿಆಂಪ್‌ಗೆ 0.1 ಮಿಲಿಸೆಕೆಂಡ್ ಬೇಕು, 10 ಮೈಕ್ರೋಫ್ಯಾರಡ್ ಆದ್ರೂ ಅಷ್ಟೇ 100 ಆದ್ರೂ ಅಷ್ಟೇ, ಯಾಕಂದ್ರೆ ಸುರಿದ ಚಾರ್ಜ್ ಒಂದೇ, ಖಾಲಿ ಮಾಡೋ ಕೈ ಒಂದೇ. ಕೆಪಾಸಿಟರ್ ದೊಡ್ಡದು ಮಾಡಿದ್ರೆ ಎತ್ತರ ಕಮ್ಮಿ ಆಗುತ್ತೆ, ಉದ್ದ ಕಮ್ಮಿ ಆಗಲ್ಲ.

ಆರ್‌ಎಫ್_ಮೇಡಂ

ಸರ್ ಇದನ್ನ ವಿಸಿಒ ಭಾಷೆಗೆ ತಂದ್ರೆ 40 ಮಿಲಿವೋಲ್ಟ್ ಗುಣಿಸು 5 ಮೆಗಾಹರ್ಟ್ಜ್, 200 ಕಿಲೋಹರ್ಟ್ಜ್ ಜಿಗಿತ. 0.4 ವೋಲ್ಟ್ ಆದ್ರೆ 2 ಮೆಗಾಹರ್ಟ್ಜ್, ಲಾಕ್ ಹೋಗೋ ಸಾಧ್ಯತೆ ಚೆನ್ನಾಗಿಯೇ ಇದೆ. ನಾನು ಹೇಳಿದ 1 ಓಮ್, 100 ಮೈಕ್ರೋಫ್ಯಾರಡ್ ಇಲ್ಲೂ ಕೈ ಹಿಡಿಯುತ್ತೆ, ಆ ಚೂಪು ಏರಿಕೆಯನ್ನ ಅದು ಮೊಂಡು ಮಾಡುತ್ತೆ. ನಿಧಾನಕ್ಕೆ ಬರೋದನ್ನ 30 ಕಿಲೋಹರ್ಟ್ಜ್ ಲೂಪ್ ಹಿಂಬಾಲಿಸಿ ಸರಿ ಮಾಡ್ಕೊಳ್ಳುತ್ತೆ. ನೋಡಿ, ನಾಯ್ಸ್‌ಗೆ ಅಂತ ಹಾಕಿದ್ದು ರೇಡಿಯೇಶನ್‌ಗೂ ಆಯ್ತು. ಈ ವಿಷಯದಲ್ಲಿ ನನಗೆ ಖುಷಿ ಕೊಡೋದೇ ಇಂಥದ್ದು.

ಕ್ಯೂಬ್_ಹತ್ತುಸೆಂಟಿ

ಹಾಗಾದ್ರೆ ಎಲ್ಲಾ ರೈಲಿಗೂ ಔಟ್‌ಪುಟ್ಟಲ್ಲಿ 470 ಮೈಕ್ರೋಫ್ಯಾರಡ್ ತುರುಕಿಬಿಟ್ರೆ?

ಬೆಸುಗೆ

ಬೇಡ ಅಣ್ಣ. ನಾವು ಒಂದು ಬೋರ್ಡಲ್ಲಿ ಅದೇ ಮಾಡಿದ್ವಿ, ಎಸ್‌ಇಟಿ ಅನಾಲಿಸಿಸ್ ಮಾಡಿದೋರು ಕೆಪಾಸಿಟರ್ ಹೆಚ್ಚಿಸಿ ಅಂದ್ರು, ಹೆಚ್ಚಿಸಿದ್ವಿ, ರೂಮ್ ಟೆಂಪರೇಚರಲ್ಲಿ ಚೆನ್ನಾಗಿ ಓಡ್ತು. ಥರ್ಮಲ್ ಚೇಂಬರಲ್ಲಿ ಮೈನಸ್ 30ಕ್ಕೆ ಇಳಿಸಿ ಪವರ್ ಆನ್ ಮಾಡಿದ್ರೆ ರೈಲ್ ಅರ್ಧಕ್ಕೆ ಹೋಗಿ ನಿಂತುಬಿಡ್ತು. ಆನ್ ಆಗೋವಾಗ ಅಷ್ಟೂ ಕೆಪಾಸಿಟರ್ ತುಂಬಿಸೋಕೆ ಎಲ್‌ಡಿಒ ಕರೆಂಟ್ ಲಿಮಿಟ್‌ಗೆ ಹೋಗ್ತಿತ್ತು, ಅದು ಫೋಲ್ಡ್‌ಬ್ಯಾಕ್ ಥರದ (ವೋಲ್ಟೇಜ್ ಇಳಿದ್ರೆ ಕರೆಂಟನ್ನೂ ಇಳಿಸೋ) ಲಿಮಿಟ್, ಲೋಡು ಬೇಡೋ ಕರೆಂಟಿಗಿಂತ ಕೆಳಗೆ ಬಂದು ಅಲ್ಲೇ ಸಿಕ್ಕಿಹಾಕ್ಕೊಳ್ತು. ಎರಡು ವಾರ ಹುಡುಕಿದ್ವಿ. ಸಾಫ್ಟ್‌ಸ್ಟಾರ್ಟ್ ಕೆಪಾಸಿಟರ್ ದೊಡ್ಡದು ಮಾಡಿ, ಔಟ್‌ಪುಟ್ಟಲ್ಲಿ ಕಮ್ಮಿ ಮಾಡಿದ್ಮೇಲೆ ಸರಿಹೋಯ್ತು.

ಇನ್ನೊಂದು, ಡೇಟಾಶೀಟಲ್ಲಿ ಇಎಸ್‌ಆರ್ ಮಿತಿ ಓದಿ. ಹಳೇ ರ‍್ಯಾಡ್‌ಹಾರ್ಡ್ ಎಲ್‌ಡಿಒ ಕೆಲವಕ್ಕೆ ಟ್ಯಾಂಟಲಮ್‌ನ ಇಎಸ್‌ಆರ್ ಇದ್ರೇನೇ ಸ್ಥಿರತೆ, ಬರೀ ಸೆರಾಮಿಕ್ ಹಾಕಿದ್ರೆ ಆಸಿಲೇಟ್ ಆಗುತ್ತೆ. ಟ್ಯಾಂಟಲಮ್ ಹಾಕಿದ್ರೆ ವೋಲ್ಟೇಜ್ ಅರ್ಧಕ್ಕೆ ಡಿರೇಟ್ ಮಾಡಿ, 3.3 ವೋಲ್ಟ್ ರೈಲಿಗೆ 10 ವೋಲ್ಟಿನದ್ದು ಹಾಕಿ. ಸೆರಾಮಿಕ್ ಎಕ್ಸ್‌7ಆರ್ ಆದ್ರೆ ಡಿಸಿ ಬಯಾಸಲ್ಲಿ ಬೆಲೆ ಕುಗ್ಗುತ್ತೆ, ಮತ್ತೆ ಅಲುಗಾಡಿಸಿದ್ರೆ ಅದು ತಾನೇ ವೋಲ್ಟೇಜ್ ಹುಟ್ಟಿಸುತ್ತೆ. ಪೆನ್ಸಿಲ್ ಹಿಂಭಾಗದಿಂದ ಬೋರ್ಡ್ ತಟ್ಟಿ ಸ್ಪೆಕ್ಟ್ರಮ್ ಅನಲೈಜರ್ ನೋಡಿ, ನಂಬಿಕೆ ಬರುತ್ತೆ. ರಿಯಾಕ್ಷನ್ ವೀಲ್ ತಿರುಗೋ ಸ್ಯಾಟಲೈಟಲ್ಲಿ ಇದು ಸಣ್ಣ ವಿಷಯ ಅಲ್ಲ.

ಸೆರಾಮಿಕ್ ಫ್ಲಾಟ್‌ಪ್ಯಾಕ್ ಬಂದ್ರೆ ಬಂಗಾರದ ಕಾಲು ಹಾಗೇ ಬೆಸುಗೆ ಹಾಕ್ಬೇಡಿ, ಮೊದಲು ಟಿನ್ನಿಂಗ್ ಮಾಡಿ ಬಂಗಾರ ತೆಗೀಬೇಕು, ಇಲ್ಲಾಂದ್ರೆ ಜಾಯಿಂಟ್ ಪೆಡಸಾಗಿ ಬಿರುಕು ಬಿಡುತ್ತೆ. ಪ್ಲಾಸ್ಟಿಕ್ ಆದ್ರೆ ಕಾಲಿಗೆ ಶುದ್ಧ ತವರ ಇರಬಾರದು, ವಿಸ್ಕರ್ (ಕೂದಲಿನಂಥ ತವರದ ಎಳೆ) ಬೆಳೆಯುತ್ತೆ. ಪ್ಯಾಕೇಜಿನ ಹೊಟ್ಟೆ ಕೆಳಗೆ ಶಾಖ ಹೋಗೋ ದಾರಿ ಕೊಡಿ, ಅಲ್ಲಿ ಗಾಳಿ ಇಲ್ಲ. 3.3ರಿಂದ 1.8ಕ್ಕೆ 400 ಮಿಲಿಆಂಪ್ ಅಂದ್ರೆ 0.6 ವ್ಯಾಟ್, ಕಮ್ಮಿ ಅನ್ಸುತ್ತೆ, ನಿರ್ವಾತದಲ್ಲಿ ಕಮ್ಮಿ ಅಲ್ಲ.

ಸ್ಟೋರ್_ಕೀಪರ್

ತರಿಸೋ ವಿಷಯಕ್ಕೆ ವಾಪಸ್ ಬರ್ತೀನಿ. ಮೊದಲು ಇಂಜಿನಿಯರಿಂಗ್ ಮಾಡೆಲ್ ತರಿಸಿ, ಅದೇ ಚಿಪ್ಪು ಅದೇ ಪ್ಯಾಕೇಜು, ಪೂರ್ತಿ ಸ್ಕ್ರೀನಿಂಗ್ ಆಗಿರಲ್ಲ, ಹಾರಿಸೋ ಹಾಗಿಲ್ಲ, ಬೇಗ ಸಿಗುತ್ತೆ. ನಾಯ್ಸು, ಪಿಎಸ್‌ಆರ್‌ಆರ್ ಎಲ್ಲಾ ಅದರಲ್ಲಿ ಅಳೆದು ತೀರ್ಮಾನ ಮಾಡಿ. ಫ್ಲೈಟ್ ಪಾರ್ಟ್ ಆರ್ಡರ್ ಮಾಡೋವಾಗ ಎಲ್ಲಾ ಒಂದೇ ಲಾಟ್ ಡೇಟ್‌ಕೋಡ್ ಇರ್ಬೇಕು ಅಂತ ಆರ್ಡರಲ್ಲೇ ಬರೀರಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬೋರ್ಡಿಗೆ ನಾಲ್ಕು ಬೇಕು ಅಂತ ನಾಲ್ಕು ತರಿಸ್ಬೇಡಿ, ಡಿಪಿಎಗೆ ಒಡೆದು ನೋಡೋಕೆ, ರೇಡಿಯೇಶನ್ ಲಾಟ್ ಟೆಸ್ಟಿಗೆ, ಬೆಸುಗೆಯಲ್ಲಿ ಕೆಟ್ಟರೆ ಬದಲಿಗೆ, ಎಲ್ಲಾ ಸೇರ್ಸಿ.

ಸ್ಪೇಸ್ ಪಾರ್ಟನ್ನ ತಯಾರಕರು ಅಥವಾ ಅವರೇ ಅಧಿಕಾರ ಕೊಟ್ಟ ವಿತರಕರಿಂದ ಮಾತ್ರ ತಗೊಳ್ಳಿ. ದಲ್ಲಾಳಿ ಹತ್ರ ನಾಳೆನೇ ಸಿಗುತ್ತೆ ಅಂದ್ರೂ ಬೇಡ. ಹೊರಗಿನ ಮುಚ್ಚಳ ಕೆರೆದು ಹೊಸ ನಂಬರ್ ಅಚ್ಚು ಹಾಕಿರೋ ಪೀಸನ್ನ ಎಕ್ಸ್‌ರೇಯಲ್ಲಿ ನೋಡಿದೀನಿ, ಒಳಗಿನ ಚಿಪ್ಪಿನ ಸೈಜೇ ಬೇರೆ. ಅಮೆರಿಕದ ಪಾರ್ಟಾದ್ರೆ ಎಕ್ಸ್‌ಪೋರ್ಟ್ ವರ್ಗ ಕೇಳಿ, ಕೆಲವು 9ಎ515 ಅಡಿಯಲ್ಲಿ ಬರುತ್ತೆ, ಎಂಡ್ ಯೂಸ್ ಕಾಗದ ತುಂಬಿಸೋಕೇ ವಾರಗಳು ಹೋಗ್ತವೆ. ಆರ್ಡರ್ ಹಾಕಿದ ದಿನದಿಂದ ಅಲ್ಲ, ಕಾಗದ ಮುಗಿದ ದಿನದಿಂದ ಲೀಡ್ ಟೈಮ್ ಎಣಿಸಿ.

ಪರ್ಯಾಯಕ್ಕೆ ಎರಡನೇ ಮೂಲ ನೋಡಿಡಿ. ಎಸ್‌ಟಿ ಮೈಕ್ರೋದ ಆರ್‌ಎಚ್‌ಎಫ್‌ಎಲ್4913 ಬಹಳ ಕಾಲದಿಂದ ಇದೆ. ರೆನೆಸಾಸ್‌ನ ಐಎಸ್‌ಎಲ್75051 ಇದೆ, 3 ಆಂಪು, ಅದರಲ್ಲಿ ಎಸ್‌ಇಎಚ್ ಅಂತ ಕೊನೇಲಿ ಇದ್ರೆ ಲೋ ಡೋಸ್‌ರೇಟಲ್ಲೂ ಲಾಟ್ ಟೆಸ್ಟ್ ಆಗಿರುತ್ತೆ, ಎಸ್‌ಆರ್‌ಎಚ್ ಇದ್ರೆ ಹೈ ಮಾತ್ರ. ಮತ್ತೆ ಅದೇ ಒಂದು ಅಕ್ಷರದ ಕತೆ.

ಹಳೇ_ಬೆಂಚು

ರ‍್ಯಾಡ್‌ಹಾರ್ಡ್ ಅಂತ ಬರೆದಿದೆ, ಇನ್ನು ನಾನು ನೋಡೋದೇನಿದೆ ಅನ್ನೋರಿಗೆ ಒಂದು ನೆನಪು. 2024ರಲ್ಲಿ ಗುರುಗ್ರಹಕ್ಕೆ ಹೋಗೋ ಯೂರೋಪಾ ಕ್ಲಿಪ್ಪರ್ ನೌಕೆ ಹಾರೋಕೆ ಕೆಲವೇ ತಿಂಗಳು ಬಾಕಿ ಇದ್ದಾಗ, ಒಳಗೆ ಕೂರಿಸಿ ಮುಗಿಸಿದ್ದ ಮಾಸ್‌ಫೆಟ್‌ಗಳ ಥರದ್ದೇ ಪೀಸುಗಳು ಹೇಳಿದ್ದಕ್ಕಿಂತ ಕಮ್ಮಿ ಡೋಸಿಗೆ ಕೆಡ್ತಿವೆ ಅಂತ ಗೊತ್ತಾಯ್ತು. ರೇಡಿಯೇಶನ್ ತಡೆಯುತ್ತೆ ಅಂತಲೇ ತಂದ ಪಾರ್ಟುಗಳು. ನಾಸಾದವರು ಹಗಲೂ ರಾತ್ರಿ ಟೆಸ್ಟ್ ಮಾಡಿ, ಗುರುಗ್ರಹದ ತೀವ್ರ ಪ್ರದೇಶದಿಂದ ಹೊರಗಿರೋ ದಿನಗಳಲ್ಲಿ ಅವು ಸ್ವಲ್ಪ ಚೇತರಿಸ್ಕೊಳ್ತವೆ ಅಂತ ಖಾತ್ರಿ ಮಾಡ್ಕೊಂಡು ಅಕ್ಟೋಬರಲ್ಲಿ ಹಾರಿಸಿದ್ರು. ಅಷ್ಟು ದೊಡ್ಡ ಮಿಷನ್ನಿಗೇ ಹೀಗಾಗಿದ್ದು. ಹಾಗಾಗಿ ಲಾಟ್ ರಿಪೋರ್ಟ್ ಕೇಳು, ತರಿಸ್ಕೊಂಡು ಓದು, ನಾಯ್ಸ್ ಸಾಲು ಇಲ್ಲದಿದ್ರೆ ನೀನೇ ಅಳೆ.

ಕಕ್ಷೆ_800

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಈ ವಾರ ಕೂತು ತೀರ್ಮಾನ ಮಾಡಿದ್ದು ಹೀಗೆ. ವಿಸಿಒ ರೈಲಿಗೆ 20 ಮೈಕ್ರೋವೋಲ್ಟ್ ದರ್ಜೆಯ ರ‍್ಯಾಡ್‌ಹಾರ್ಡ್ ಪಾರ್ಟ್, ಅದರ ಔಟ್‌ಪುಟ್ ಕಡೆ 1 ಓಮ್ ಮತ್ತು ಟ್ಯಾಂಟಲಮ್, ಪಕ್ಕದಲ್ಲಿ ಒಂದು ಸಣ್ಣ ಸೆರಾಮಿಕ್. ಎಡಿಸಿ ಅನಲಾಗ್ ಮತ್ತು ಕ್ಲಾಕ್ ಬಫರ್‌ಗೆ 1111, ಎಸ್‌ಇಪಿ ಸಾಕಾ ಅಂತ ಕ್ವಾಲಿಟಿಯವರಿಗೆ ಬರೆದಿದೀನಿ, ಎಲ್‌ಇಟಿ ಮಿತಿ ಮೇಲೆ ನಿಂತಿದೆ. ಇಂಜಿನಿಯರಿಂಗ್ ಮಾಡೆಲ್ ಆರ್ಡರ್ ಹೋಯ್ತು, ನಂಬರನ್ನ ಇಬ್ಬರು ಜೋರಾಗಿ ಓದಿದ್ವಿ. ಎಲ್‌ಟಿ3042 ಬೆಂಚ್ ಮೇಲೆ ಹೋಲಿಕೆಗೆ ಇರುತ್ತೆ.

ವಿಸಿಒ ರೈಲಿನ ಪಾರ್ಟ್ ಲಾಟನ್ನ 35 ದಿನದ ಲೋ ಡೋಸ್‌ರೇಟ್ ಟೆಸ್ಟಿಗೆ ಕಳ್ಸೋಕೆ ಒಪ್ಪಿಗೆ ಸಿಕ್ಕಿದೆ, ನಾಯ್ಸ್ ಅಳತೆ ಸೇರ್ಸಿ. ಕೊನೇ ಪ್ರಶ್ನೆ, ಹಳೇ_ಬೆಂಚು ಸರ್, ಅಲ್ಲಿ ಕೂತಿರೋವಾಗ ಪೀಸುಗಳಿಗೆ ಪವರ್ ಕೊಟ್ಟಿರ್ಬೇಕಾ?

ಹಳೇ_ಬೆಂಚು

ಎರಡೂ ಮಾಡು. ಐದು ಪೀಸು ಪವರ್ ಮತ್ತು ಲೋಡ್ ಕೊಟ್ಟು, ಐದು ಪೀಸು ಎಲ್ಲಾ ಪಿನ್ ಗ್ರೌಂಡ್ ಮಾಡಿ, ಒಂದನ್ನ ಸೋರ್ಸ್ ಹತ್ರಾನೂ ಒಯ್ಯದೆ ಹೋಲಿಕೆಗೆ ಇಟ್ಕೋ. ಪವರ್ ಇರೋದೇ ಹೆಚ್ಚು ಕೆಡುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ, ಬೈಪೋಲಾರಲ್ಲಿ ಎಷ್ಟೋ ಸಲ ಸುಮ್ನೆ ಗ್ರೌಂಡ್ ಮಾಡಿ ಮಲಗಿಸಿದ ಐದೇ ಮೊದಲು ಜಾರೋದು. ಬೋರ್ಡಲ್ಲಿ ರಿಡಂಡೆಂಟ್ ಸೈಡ್ ಆಫ್ ಇಟ್ಟು ಹಾರಿಸೋದಿದ್ರೆ ಆ ಐದರ ರಿಸಲ್ಟೇ ನಿನಗೆ ಬೇಕಾಗಿರೋದು. 10 ಹರ್ಟ್ಜ್‌ನಿಂದ ಶುರುವಾಗೋ ನಾಯ್ಸ್ ಪ್ಲಾಟನ್ನ ಕಳಿಸೋ ಮುಂಚೆನೇ ಹನ್ನೊಂದು ಪೀಸಿಗೂ ತೆಗೆದಿಡು, ಆಮೇಲೆ ಹೋಲಿಸೋಕೆ ಬೇರೆ ಅವಕಾಶ ಸಿಗಲ್ಲ.